ಅರ್ಧ ಇಂಚಿನ ಮಂತ್ರ, ಗೃಹಬಳಕೆಗೆ

ನೀರು ಸರಬರಾಜು ಕಚೇರಿಯ ನೌಕರರ ಮನರಂಜನಾ ಸಂಘದಲ್ಲಿ ಹೊಸ ಮಂತ್ರ ರಚಿಸಲಿಚ್ಛಿಸುವ ಸದಸ್ಯರು ನಮೂನೆ ಏಳನ್ನು ಮೂರು ಪ್ರತಿಗಳಲ್ಲಿ ಭರ್ತಿ ಮಾಡಿ, ಮಂತ್ರವನ್ನು ಪ್ರಯೋಗಿಸುವ ದಿನಕ್ಕೆ ತೊಂಬತ್ತು ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದು. ತುರ್ತು ಮಂತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಹೀಗೆಂದು ಕಚೇರಿಯ ಹಿಂಬಾಗಿಲ ಪಕ್ಕದ ನೋಟಿಸ್ ಬೋರ್ಡಿನಲ್ಲಿ, ಕ್ಲೋರಿನ್ ಸಿಲಿಂಡರಿನ ಎಚ್ಚರಿಕೆಯ ಕೆಳಗೆ, ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಲಾಗಿದೆ. ಓದಿಲ್ಲ ಎಂದು ಯಾರೂ ಹೇಳುವಂತಿಲ್ಲ, ಏಕೆಂದರೆ ಓದಿದ್ದೇನೆ ಎಂದು ಎಲ್ಲರಿಂದಲೂ ಸಹಿ ಪಡೆಯಲಾಗಿದೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಸಂಘದವರು ಕೆಟ್ಟುಹೋದ ಮೀಟರುಗಳನ್ನು ರಾಶಿ ಹಾಕಿರುವ ಕೋಣೆಯಲ್ಲಿ ಮೇಜು ಹಾಕಿಕೊಂಡು ಒಂದು ಆಟ ಆಡುತ್ತಾರೆ. ಒಬ್ಬ ಕಥೆ ಹೇಳುತ್ತಾನೆ: "ಗುಹೆಯ ಬಾಯಲ್ಲಿ ನಿಂತಿದ್ದೀರಿ, ಒಳಗೆ ಏನೋ ಉಸಿರಾಡ್ತಾ ಇದೆ, ಏನ್ಮಾಡ್ತೀರಿ?" ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಕಳ್ಳನೋ, ಸರದಾರನೋ, ಮಂತ್ರವಾದಿಯೋ ಆಗಿ ತಾವೇನು ಮಾಡುತ್ತೇವೆಂದು ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಇಪ್ಪತ್ತು ಬಿದ್ದರೆ ಗೆದ್ದಂತೆ, ಒಂದು ಬಿದ್ದರೆ ಕೆಟ್ಟಂತೆ. ದಪ್ಪನೆಯ ನಿಯಮ ಪುಸ್ತಕವಿದೆ, ಅದರಲ್ಲಿ ಇನ್ನೂರು ಚಿಲ್ಲರೆ ಮಂತ್ರಗಳಿವೆ. ಅವು ಸಾಲದಿದ್ದರೆ ಆಟಗಾರರು ಸ್ವಂತವಾಗಿ ಕಟ್ಟಿಕೊಳ್ಳಬಹುದು, ಆದರೆ ಮಂತ್ರದ ಬಲ ಅಳತೆಯಲ್ಲಿರಲಿ ಎಂದು ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾಗಿದೆ. ಆ ಒಂದು ಸಾಲನ್ನು ಸಂಘವು ನಲವತ್ತೆರಡು ಪುಟಗಳಿಗೆ ವಿಸ್ತರಿಸಿಕೊಂಡಿದೆ.

ವಿಸ್ತರಣೆಗೆ ಕಾರಣ ಸ್ಟೋರ್ ಕೀಪರ್. ಆಟದಲ್ಲಿ ಕಳ್ಳನಾಗಿದ್ದ ಅವನು ಒಮ್ಮೆ ಲೋಕದಲ್ಲಿರುವ ಬೀಗಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುವಂಥ ಮಂತ್ರ ಕಟ್ಟಿಕೊಂಡು ಬಂದ. ಹಾಕಿದ. ಖಜಾನೆ ತೆರೆಯಿತು, ಸೆರೆಮನೆ ತೆರೆಯಿತು, ಪಾತಾಳದ ಬಾಗಿಲೂ ತೆರೆಯಿತು. ಮೂರು ವರ್ಷ ನಡೆಯಬೇಕಿದ್ದ ಕಥೆ ಹತ್ತು ನಿಮಿಷದಲ್ಲಿ ಮುಗಿದು, ಎಲ್ಲರೂ ಎರಡು ಗಂಟೆಗೇ ಮನೆಗೆ ಹೋಗಬೇಕಾಯಿತು. ಶನಿವಾರ ಎರಡು ಗಂಟೆಗೇ ಗಂಡಸರು ಮನೆಗೆ ಬಂದದ್ದನ್ನು ಕಂಡು ಹಲವು ಮನೆಗಳಲ್ಲಿ ಅಸಮಾಧಾನವಾಯಿತು. ಸೋಮವಾರವೇ ಸೂಪರಿಂಟೆಂಡೆಂಟರ ಅಧ್ಯಕ್ಷತೆಯಲ್ಲಿ ಮಂತ್ರ ಸಮತೋಲನ ಸಮಿತಿ ರಚನೆಯಾಯಿತು. ಅಪರಾಧದ ಅನುಭವವಿದ್ದ ಸದಸ್ಯ ಒಬ್ಬನೇ ಆದ್ದರಿಂದ ಸ್ಟೋರ್ ಕೀಪರನನ್ನು ಕಾರ್ಯದರ್ಶಿ ಮಾಡಲಾಯಿತು.

ಕಥೆ ಹೇಳುವ ಪಂಪ್ ಆಪರೇಟರನನ್ನು, ಅಂದರೆ ಎಲ್ಲರೂ ಪಂಪಣ್ಣ ಎಂದು ಕರೆಯುವವನನ್ನು, ಸಮಿತಿಗೆ ಸೇರಿಸಿಕೊಳ್ಳಲಿಲ್ಲ. ಆಟ ಗೊತ್ತಿದ್ದವನು ಪಕ್ಷಪಾತ ಮಾಡುವ ಸಂಭವವಿದೆ ಎಂದು ನಡಾವಳಿಯಲ್ಲಿ ಬರೆಯಲಾಗಿದೆ.

ಈಗ ಮೀಟರಮ್ಮನ ಸಂಗತಿ. ಅವಳು ಹನ್ನೊಂದು ವರ್ಷಗಳಿಂದ ಮನೆಮನೆಯ ನೀರಿನ ಮೀಟರ್ ಓದುವವಳು. ಬೀದಿಯವರಿಟ್ಟ ಹೆಸರೇ ಕಚೇರಿಯಲ್ಲೂ ನಿಂತುಬಿಟ್ಟಿತ್ತು. ಅವಳ ಅಪ್ಪ ಅದೇ ಕಚೇರಿಯಲ್ಲಿ ಹೆಡ್ ಕ್ಲರ್ಕಾಗಿದ್ದು ನಿವೃತ್ತರಾದವರು. ಮೂವತ್ತಾರು ವರ್ಷದ ಸೇವೆಯಲ್ಲಿ ಒಂದೇ ಒಂದು ನಿಯಮ ಮೀರಿದವರಲ್ಲ. ಮಳೆಗಾಲದ ಮೊದಲ ದಿನ ಕೊಡೆ ಹಿಡಿಯಬೇಕೆಂಬ ಸುತ್ತೋಲೆ ಬಂದಿದ್ದಾಗ ಬಿಸಿಲಿನಲ್ಲೂ ಕೊಡೆ ಹಿಡಿದು ಬಂದವರು ಅವರೊಬ್ಬರೇ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಗಳು ಇಬ್ಬರೇ ಮನೆಯಲ್ಲಿ. ಅಪ್ಪ ದಿನಕ್ಕೆ ಎರಡು ಮಾತಾಡುತ್ತಿದ್ದರು: ಬೆಳಿಗ್ಗೆ "ಬೀಗದ ಕೈ ತಗೊಂಡ್ಯಾ?", ಸಂಜೆ "ಫ್ಯಾನ್ ಆಫ್ ಮಾಡು." ಜ್ವರ ಬಂದ ದಿನ ಒಂದೇ.

ಅಂಥವರನ್ನು ಮೀಟರಮ್ಮ ಒಂದು ಶನಿವಾರ ಸಂಘಕ್ಕೆ ಕರೆದುಕೊಂಡು ಹೋದಳು. ನಿವೃತ್ತರಿಗೂ ಸದಸ್ಯತ್ವವಿತ್ತು. ಪಂಪಣ್ಣ ಅವರಿಗೊಬ್ಬ ಮುದಿ ಮಂತ್ರವಾದಿಯ ಪಾತ್ರ ಕೊಟ್ಟ, ಅವಳಿಗೆ ಆ ಮಂತ್ರವಾದಿಯ ಶಿಷ್ಯೆಯದು. ಏನಾಯಿತೋ, ಅಪ್ಪ ಬಾಯಿ ಬಿಟ್ಟರು. "ಎಲೈ ಶಿಷ್ಯೆಯೇ!" ಎಂದು ಶುರು ಮಾಡಿದವರು ನಾಲ್ಕು ತಾಸು ನಿಲ್ಲಿಸಲಿಲ್ಲ. ನಕ್ಷತ್ರಗಳ ಬಗ್ಗೆ ಹೇಳಿದರು, ಸೇತುವೆಯ ಕೆಳಗಿನ ರಾಕ್ಷಸನನ್ನು ಬೈದರು, ಶಿಷ್ಯೆಯ ಊಟ ತಿಂಡಿ ವಿಚಾರಿಸಿದರು, ಅವಳು ಬೆಂಕಿಯುಂಡೆ ಎಸೆದಾಗ "ಭೇಷ್ ಪುಟ್ಟೀ" ಎಂದು ಮೇಜು ಕುಟ್ಟಿದರು. ಪುಟ್ಟಿ ಎಂಬ ಹೆಸರು ಅವಳು ಕೇಳಿ ಹದಿನೈದು ವರ್ಷವಾಗಿತ್ತು. ಮನೆಗೆ ಬಂದ ಮೇಲೆ "ಫ್ಯಾನ್ ಆಫ್ ಮಾಡು" ಎಂದು ಹೇಳಿ ಮಲಗಿದರು. ಅವಳಿಗೆ ಅಷ್ಟು ಸಾಕಾಗಿತ್ತು. ವಾರಕ್ಕೊಂದು ಶನಿವಾರವಂತೂ ಬಂದೇ ಬರುತ್ತದೆ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಶನಿವಾರ, ಕಣ್ಣಲ್ಲೇ ಕಲ್ಲು ಮಾಡುವ ಒಂದು ಹಲ್ಲಿಯ ಎದುರು, ಅಪ್ಪನ ದಾಳದಲ್ಲಿ ಒಂದು ಬಿತ್ತು.

"ಅಯ್ಯೋ, ಹೆಡ್ ಕ್ಲರ್ಕ್ ಸಾಹೇಬ್ರೇ," ಎಂದ ಪಂಪಣ್ಣ, ತಾನೇ ತಪ್ಪು ಮಾಡಿದವನಂತೆ. "ನಿಮ್ಮ ಮಂತ್ರವಾದಿ ಕಲ್ಲಾಗ್ಬಿಟ್ರು."

ಅಪ್ಪ ತಲೆಯಾಡಿಸಿದರು. ಕನ್ನಡಕ ತೆಗೆದು ಜೇಬಿಗಿಟ್ಟರು, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟರು, ಬಾಯಿ ಮುಚ್ಚಿದರು. ಮುಂದಿನ ಶನಿವಾರವೂ ಬಂದರು, ಹಾಗೇ ಕೂತರು. ಚಹಾ ಬೇಕಾ ಎಂದರೆ ಉತ್ತರವಿಲ್ಲ. ಕಲ್ಲು ಚಹಾ ಕುಡಿಯುವುದಿಲ್ಲ.

"ಅಪ್ಪ, ಬೇರೆ ಪಾತ್ರ ತಗೊಳ್ಳಿ," ಎಂದಳು ಮೀಟರಮ್ಮ ಮನೆಯಲ್ಲಿ.

"ಪಾತ್ರ ಸತ್ತರೆ ಬೇರೆ ಪಾತ್ರ. ಪುಟ ಅರವತ್ತೆಂಟು," ಎಂದರು ಅಪ್ಪ. "ನಾನು ಸತ್ತಿಲ್ಲ." ಅಂದಿನ ಎರಡು ಮಾತು ಅಲ್ಲಿಗೆ ಮುಗಿಯಿತು, ಫ್ಯಾನು ರಾತ್ರಿಯಿಡೀ ತಿರುಗಿತು.

ನಿಯಮ ಪುಸ್ತಕದಲ್ಲಿ ಕಲ್ಲಾದವರನ್ನು ಬಿಡಿಸುವ ಮಂತ್ರವೇ ಇರಲಿಲ್ಲ. ಹಾಗಾದರೆ ತಾನೇ ಕಟ್ಟುತ್ತೇನೆಂದು ಮೀಟರಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಮೀಟರ್ ಓದುವವರಿಗೆ ಅಂದಾಜು ಎಂದರೆ ಆಗದು, ಆದ್ದರಿಂದ ಲೆಕ್ಕಾಚಾರವಾಗಿ ಶುರು ಮಾಡಿದಳು. ದೂರದಿಂದ ಬಿಡಿಸುವಂತಿದ್ದರೆ ಶತ್ರು ಹತ್ತಿರ ಬರುವ ಭಯವೇ ಇರುವುದಿಲ್ಲ, ಅದು ತಪ್ಪು, ಮುಟ್ಟಿಯೇ ಬಿಡಿಸಬೇಕು. ಬೇಕೆಂದಾಗಲೆಲ್ಲ ಬಿಡಿಸುವಂತಿದ್ದರೆ ಹಲ್ಲಿಗೆ ಮಾನ ಉಳಿಯುವುದಿಲ್ಲ. ದಿನಕ್ಕೆ ಒಂದೇ ಸಲ. ಪುಸ್ತಕದಲ್ಲಿ ಗಾಯ ಮಾಯಿಸುವ ಮಂತ್ರ ಹಾಕಿದವಳಿಗೆ ಏನೂ ನಷ್ಟವಿಲ್ಲ, ಇದು ಅದಕ್ಕಿಂತ ದೊಡ್ಡದು, ಆದ್ದರಿಂದ ಹಾಕುವವಳ ಪ್ರಾಣದಲ್ಲಿ ಹತ್ತು ಅಂಶ ಕಳೆಯಬೇಕು. ದಾಳದಲ್ಲಿ ಹನ್ನೊಂದೋ ಮೇಲೋ ಬಿದ್ದರೆ ಮಾತ್ರ ಫಲ. ಎಣಿಕೆಗೆ ಬೆಂಕಿಕಡ್ಡಿ ಜೋಡಿಸಿಕೊಂಡು ನೂರು ಸಲ ದಾಳ ಉರುಳಿಸಿ ನೋಡಿದಳು. ಐವತ್ತೆರಡು ಸಲ ಕಲ್ಲು ಕರಗಿತು, ನಲವತ್ತೆಂಟು ಸಲ ಶಿಷ್ಯೆ ಸುಸ್ತಾಗಿ ಬಿದ್ದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಪಂಪಣ್ಣ ಕಾಗದ ನೋಡಿ, "ಎಷ್ಟು ಚೆನ್ನಾಗಿ ಕಟ್ಟಿದ್ದೀಯಮ್ಮ! ಇವತ್ತೇ ಹಾಕು," ಎಂದ.

"ನಮೂನೆ ಏಳು ಎಲ್ಲಿ?" ಎಂದ ಸ್ಟೋರ್ ಕೀಪರ್.

ನಮೂನೆ ಏಳು ಮೂಲತಃ ಹೊಸ ನಲ್ಲಿ ಸಂಪರ್ಕ ಕೋರುವ ಅರ್ಜಿ. ಹೊಸದಾಗಿ ಅಚ್ಚು ಹಾಕಿಸುವುದು ದುಂದುವೆಚ್ಚವೆಂದು 'ನಲ್ಲಿ' ಎಂದಿದ್ದ ಕಡೆಯೆಲ್ಲ ಅಡ್ಡಗೆರೆ ಎಳೆದು ಮೇಲೆ 'ಮಂತ್ರ' ಎಂದು ಬರೆಯಲಾಗಿತ್ತು. ಮಂತ್ರದ ವ್ಯಾಸ, ಮುಖ್ಯರಸ್ತೆಯಿಂದ ಮಂತ್ರಕ್ಕಿರುವ ದೂರ, ಮಂತ್ರ ಎಷ್ಟನೆಯ ಮಹಡಿಯವರೆಗೆ ಏರಬೇಕು, ಗೃಹಬಳಕೆಯೋ ವಾಣಿಜ್ಯ ಬಳಕೆಯೋ, ಅಕ್ಕಪಕ್ಕದವರ ಒಪ್ಪಿಗೆ ಇದೆಯೋ. ಇಂಥ ಅರ್ಜಿಗಳನ್ನು ಸಾವಿರಾರು ನೋಡಿದ್ದ ಮೀಟರಮ್ಮನ ಕೈ ತಾನಾಗಿಯೇ ವ್ಯಾಸದ ಮುಂದೆ 'ಅರ್ಧ ಇಂಚು' ಎಂದು ಬರೆಯಿತು, 'ಗೃಹಬಳಕೆ' ಎಂಬುದರ ಮುಂದೆ ಗುರುತು ಹಾಕಿತು. ಮೆದುಳನ್ನು ಕೇಳಲಿಲ್ಲ.

ತೊಂಬತ್ತು ದಿನ ಎಣಿಸತೊಡಗಿದಳು.

ಕಲ್ಲಾದವರ ಸ್ವತ್ತು ಅನಾಥವಾಗಿ ಬಿದ್ದಿರಬಾರದೆಂದು ಸಮಿತಿ ಮೊದಲ ವಾರವೇ ಕ್ರಮ ಕೈಗೊಂಡಿತು. ಆಟದಲ್ಲಿ ಸರದಾರನಾಗಿದ್ದ ಸೂಪರಿಂಟೆಂಡೆಂಟರು ಮಂತ್ರವಾದಿಯ ಬೆರಳಿನ ಉಂಗುರವನ್ನು ಸುರಕ್ಷತೆಯ ದೃಷ್ಟಿಯಿಂದ ತಮ್ಮ ಬೆರಳಿಗೆ ಹಾಕಿಕೊಂಡರು. ಮಂತ್ರದಂಡವನ್ನು ಸ್ಟೋರ್ ಕೀಪರ್ ದಾಸ್ತಾನಿಗೆ ತೆಗೆದುಕೊಂಡ. ಉಂಗುರ ತೊಟ್ಟವರಿಗೆ ದಾಳದಲ್ಲಿ ಎರಡು ಅಂಶ ಹೆಚ್ಚುವರಿ ಸಿಗುತ್ತಿತ್ತು, ಅದು ಕಾಕತಾಳೀಯ. ಕಡತ ನಿಧಾನವಾಗಿ ಚಲಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಸಮಿತಿಯೇ ವಿಚಾರಣೆ ನಡೆಸಿ ಸಮಿತಿಗೆ ವರದಿ ಸಲ್ಲಿಸಿದೆ.

ಇದೇ ಅವಧಿಯಲ್ಲಿ ಸೂಪರಿಂಟೆಂಡೆಂಟರೂ ಒಂದು ಮಂತ್ರಕ್ಕೆ ಅರ್ಜಿ ಹಾಕಿದರು. ಸರದಾರನಿಗೆ ಯಾವ ಆಯುಧವೂ ತಾಗಬಾರದೆಂಬ ಮಂತ್ರ. ಅರ್ಜಿದಾರರು, ಪರಿಶೀಲಕರು, ಅಧ್ಯಕ್ಷರು ಮೂವರೂ ಒಂದೇ ಕುರ್ಚಿಯಲ್ಲಿದ್ದುದರಿಂದ ಕಡತಕ್ಕೆ ಓಡಾಟದ ಶ್ರಮ ತಪ್ಪಿ ಅದು ಇಪ್ಪತ್ತು ನಿಮಿಷದಲ್ಲಿ ಮಂಜೂರಾಯಿತು. ಸಮತೋಲನಕ್ಕಾಗಿ ಸ್ಟೋರ್ ಕೀಪರನ ಕಳ್ಳನ ಆಯುಷ್ಯವನ್ನು ಅರ್ಧಕ್ಕಿಳಿಸಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ಟೋರ್ ಕೀಪರ್ ಆಕ್ಷೇಪಿಸಲಿಲ್ಲ; ಅವನ ರಜೆ ಅರ್ಜಿ ಸೂಪರಿಂಟೆಂಡೆಂಟರ ಮೇಜಿನ ಮೇಲೆಯೇ ಇತ್ತು.

ಮೂವತ್ತನೆಯ ದಿನ ಸ್ಥಳ ಪರಿಶೀಲನೆ. ಸೂಪರಿಂಟೆಂಡೆಂಟರು ಟೇಪು ಹಿಡಿದು ಬಂದು ಶನಿವಾರದ ಮೇಜಿನ ಬಳಿ ಅಪ್ಪನನ್ನು ಅಳೆದರು. ಅಪ್ಪ ಕದಲಲಿಲ್ಲ. ಸ್ಟೋರ್ ಕೀಪರ್ ಬರೆದುಕೊಂಡ: ಎತ್ತರ ಐದಡಿ ಏಳಂಗುಲ, ಕೂತಿರುವ ಭಂಗಿ, ಬಿರುಕು ಇಲ್ಲ.

"ಅರ್ಧ ಇಂಚಲ್ಲಿ ಇಷ್ಟು ದೊಡ್ಡ ಮನುಷ್ಯ ಹೊರಗೆ ಬರಬೇಕಂದ್ರೆ ಹೊತ್ತು ಹಿಡಿಯುತ್ತಮ್ಮ," ಎಂದರು ಸೂಪರಿಂಟೆಂಡೆಂಟರು.

"ಸಾರ್, ಮಂತ್ರಕ್ಕೆ ವ್ಯಾಸ ಇರಲ್ಲ."

"ನೀನೇ ಬರೆದಿದ್ದೀಯಲ್ಲ?"

"ನಮೂನೆ ಕೇಳಿತು, ಬರೆದೆ."

"ಮತ್ತೆ? ನಮೂನೆ ಸುಮ್ಮಸುಮ್ಮನೆ ಕೇಳುತ್ತಾ?" ಎಂದು ಅವರು ಅಪ್ಪನ ಭುಜ ತಟ್ಟಿದರು. "ನೋಡು ನಿಮ್ಮಪ್ಪನ್ನ. ಏನು ಶಿಸ್ತು! ಸೇವೆಯಲ್ಲಿದ್ದಾಗ್ಲೂ ಹೀಗೇ ಇದ್ರು."

ಅರವತ್ತನೆಯ ದಿನ ಅಕ್ಕಪಕ್ಕದವರ ಒಪ್ಪಿಗೆಯ ಪ್ರಶ್ನೆ ಬಂತು. ಕಲ್ಲು ನಿಂತದ್ದು ಕಥೆಯೊಳಗಿನ ಒಂದು ಹಳ್ಳಿಯ ಅಂಚಿನಲ್ಲಿ. ಅಲ್ಲಿನ ಜನರೆಲ್ಲ ಪಂಪಣ್ಣನ ತಲೆಯಲ್ಲಿದ್ದವರು, ಆದ್ದರಿಂದ ಅವರ ಪರವಾಗಿ ಪಂಪಣ್ಣನೇ ಸಹಿ ಮಾಡಬೇಕಾಯಿತು. ಕಮ್ಮಾರ ಒಪ್ಪಿದ, ಕಮ್ಮಾರನ ಅತ್ತೆ ಒಪ್ಪಿದಳು. ಮೂರನೆಯ ಸಹಿಗೆ ಬಂದಾಗ ಪಂಪಣ್ಣ ಪೆನ್ನು ಕೆಳಗಿಟ್ಟ.

"ಅಗಸಗಿತ್ತಿ ಒಪ್ತಾ ಇಲ್ಲ," ಎಂದ.

"ಯಾವ ಅಗಸಗಿತ್ತಿ?" ಎಂದಳು ಮೀಟರಮ್ಮ.

"ಹೊಳೆ ಹತ್ರ ಇದ್ದಾಳೆ. ಎರಡು ತಿಂಗಳಿಂದ ಕಲ್ಲಿನ ಮೇಲೆ ಬಟ್ಟೆ ಒಣಗ್ಸ್ತಾ ಇದ್ದಾಳೆ. ಈಗ ತೆಗೀಬೇಡಿ ಅಂತಾಳೆ."

"ಅಣ್ಣಾ, ಅವಳು ನಿಮ್ಮ ತಲೆಯೊಳಗೇ ಇರೋದು! ನೀವೇ ಒಪ್ಪಿಸಿ!"

"ಒಪ್ಪಿಸ್ಬಹುದು ಕಣಮ್ಮ," ಎಂದ ಪಂಪಣ್ಣ, ಬಹಳ ಸಂಕಟದಿಂದ. "ಆದ್ರೆ ಅವಳ ಸ್ವಭಾವ ಹಾಗಲ್ಲ. ಸುಳ್ಳು ಸಹಿ ಹಾಕ್ಲಾ?"

ಎರಡು ಶನಿವಾರಗಳ ಸಂಧಾನದ ನಂತರ, ಬಿಡುಗಡೆಯಾದ ಮೇಲೂ ಮಂತ್ರವಾದಿ ವಾರಕ್ಕೆರಡು ದಿನ ಹೊಳೆ ದಂಡೆಯಲ್ಲಿ ಕೈ ಚಾಚಿ ನಿಲ್ಲತಕ್ಕದ್ದು ಎಂಬ ಷರತ್ತಿನ ಮೇಲೆ ಅಗಸಗಿತ್ತಿ ಹೆಬ್ಬೆಟ್ಟು ಒತ್ತಿದಳು. ಹೆಬ್ಬೆಟ್ಟು ಪಂಪಣ್ಣನದು.

ತೊಂಬತ್ತನೆಯ ದಿನ ಸಮಿತಿಯ ಅಂತಿಮ ಸಭೆ. ಮೀಟರಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಸೂಪರಿಂಟೆಂಡೆಂಟರು ಕಡತ ತೆರೆದು ಅವಳ ಲೆಕ್ಕಾಚಾರ ಓದಿದರು. ದಿನಕ್ಕೊಂದು ಸಲ, ಹತ್ತು ಅಂಶ, ನೂರಕ್ಕೆ ಐವತ್ತೆರಡು. ಓದುತ್ತಾ ತಲೆದೂಗಿದರು.

"ಲೆಕ್ಕ ಸರಿಯಾಗಿದೆ. ಆದ್ರೆ ಸಮತೋಲನ ಎಲ್ಲಿದೆ?"

"ಅದೇ ಸಮತೋಲನ ಸಾರ್."

"ನಾವು ಯಾವ ಕಚೇರಿಯವರಮ್ಮ?" ಎಂದರು ಅವರು ತಂದೆಯಂತೆ. "ಒಂದು ಬೀದಿಗೆ ಒಂದು ಗಂಟೆ ನೀರು ಜಾಸ್ತಿ ಬಿಟ್ರೆ ಇನ್ನೊಂದು ಬೀದಿ ವಾಲ್ವನ್ನ ಒಂದು ಗಂಟೆ ಮುಚ್ಚಬೇಕು. ಮುಚ್ಚದೆ ಬಿಟ್ಟಿದ್ದು ಯಾವತ್ತಾದ್ರೂ ನೋಡಿದ್ದೀಯಾ?"

"ಇಲ್ಲ ಸಾರ್."

"ಇಲ್ಲಿ ಒಬ್ಬರ ಬಾಯಿ ಬಿಡಿಸ್ತೀಯ. ಯಾರ ಬಾಯಿ ಮುಚ್ತೀಯ?"

"ನೀರು ಟ್ಯಾಂಕಿನಲ್ಲಿ ಅಳತೆಗಿರುತ್ತೆ ಸಾರ್. ಮಾತಿಗೆ ಟ್ಯಾಂಕ್ ಎಲ್ಲಿದೆ?"

"ಇಲ್ಲದೇ ಇರೋದಕ್ಕೇ ಇಷ್ಟೊಂದು ಪೋಲಾಗ್ತಿರೋದು," ಎಂದರು ಸೂಪರಿಂಟೆಂಡೆಂಟರು. ಸ್ಟೋರ್ ಕೀಪರ್ ಆ ಮಾತನ್ನು ನಡಾವಳಿಯಲ್ಲಿ ಬರೆದು ಕೆಳಗೆ ಗೆರೆ ಎಳೆದ.

ಅಂತೂ ಒಬ್ಬರು ಕಲ್ಲಿನಿಂದ ಬಿಡುಗಡೆಯಾದಷ್ಟು ಹೊತ್ತು ಇನ್ನೊಬ್ಬರು ಕಲ್ಲಾಗತಕ್ಕದ್ದು ಎಂದು ತೀರ್ಮಾನವಾಯಿತು. ಯಾರು? ಸೂಪರಿಂಟೆಂಡೆಂಟರ ಸರದಾರ ಅಗತ್ಯ ಸೇವೆಯಲ್ಲಿದ್ದ. ಸ್ಟೋರ್ ಕೀಪರ್ ಈಗಾಗಲೇ ಅರ್ಧ ಆಯುಷ್ಯ ತ್ಯಾಗ ಮಾಡಿದವನು. ಪಂಪಣ್ಣ ಕಲ್ಲಾದರೆ ಲೋಕವೇ ನಿಂತುಹೋಗುತ್ತದೆ. ಸಭೆ ಅರ್ಜಿದಾರಳ ಕಡೆ ನೋಡಿತು.

"ಆಗ್ತೀನಿ," ಎಂದಳು ಮೀಟರಮ್ಮ. ಎರಡನೆಯ ಸಲ ಯೋಚಿಸಲಿಲ್ಲ. ಅಪ್ಪ ಮಾತಾಡುವುದಾದರೆ ತಾನು ಕೇಳಿಸಿಕೊಂಡರೆ ಸಾಕಲ್ಲ ಎನಿಸಿತು. ಕಲ್ಲಿಗೆ ಕಿವಿ ಇರಬಾರದೆಂದು ಯಾವ ಪುಟದಲ್ಲೂ ಬರೆದಿರಲಿಲ್ಲ.

ಆದೇಶ ಹೊರಬಿತ್ತು. ಅವಳು ಅಲ್ಲೇ ನಿಂತು ಓದಿದಳು.

'ಅರ್ಜಿದಾರರು ಗೃಹಬಳಕೆ ಎಂದು ನಮೂದಿಸಿರುವುದರಿಂದ ಸದರಿ ಮಂತ್ರವನ್ನು ಮನೆಯಲ್ಲಿ ಮಾತ್ರ ಬಳಸತಕ್ಕದ್ದು. ಸಂಘದ ಕೋಣೆಯಲ್ಲಿ ಬಳಸಿದರೆ ಸಂಪರ್ಕ ಕಡಿತಗೊಳಿಸಲಾಗುವುದು. ಗೃಹಬಳಕೆಯ ಸರಬರಾಜು ಸಂಜೆ ಆರರಿಂದ ಏಳರವರೆಗೆ, ದಿನ ಬಿಟ್ಟು ದಿನ. ಬಿಟ್ಟ ದಿನ ಸರಬರಾಜು ಎದುರು ದಿಕ್ಕಿನಲ್ಲಿರತಕ್ಕದ್ದು. ಸಂಘದ ಕೋಣೆಯಲ್ಲಿ ಸದರಿ ಮಂತ್ರವಾದಿ ಕಲ್ಲಾಗಿಯೇ ಮುಂದುವರಿಯುವುದರಿಂದ ಉಂಗುರ ಮತ್ತು ದಂಡವನ್ನು ಹಿಂದಿರುಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.'

"ಸಾರ್, ತಪ್ಪಾಗಿ ಗುರುತು ಹಾಕ್ಬಿಟ್ಟೆ. ಆಟ ಇಲ್ಲಿ ನಡೆಯೋದು. ಮನೆಯಲ್ಲಿ ಮಂತ್ರ ಹಾಕಿ ಏನ್ಮಾಡ್ಲಿ?" ಎಂದಳು ಮೀಟರಮ್ಮ.

"ತಿದ್ದುಪಡಿಗೆ ನಮೂನೆ ಒಂಬತ್ತು," ಎಂದ ಸ್ಟೋರ್ ಕೀಪರ್. "ನೂರಾ ಎಂಬತ್ತು ದಿನ. ಅಗಸಗಿತ್ತಿ ಹತ್ರ ಮತ್ತೆ ಹೋಗ್ಬೇಕಾಗುತ್ತೆ."

ಅವಳು ಆದೇಶ ಮಡಚಿಕೊಂಡು ಮನೆಗೆ ಬಂದಳು. ಮೂರು ತಿಂಗಳು ಕಾದು ಸಿಕ್ಕಿದ್ದು ಇಷ್ಟೇ. ಆ ಕೋಣೆಯಲ್ಲಿ, ಆ ಮೇಜಿನ ಮುಂದೆ, "ಎಲೈ ಶಿಷ್ಯೆಯೇ" ಎಂಬ ಮಾತನ್ನು ಇನ್ನು ಕೇಳಲಾರಳು. ಆ ದುಃಖ ಅವಳಿಗೆ ಚೆನ್ನಾಗಿಯೇ ಆಯಿತು, ಒಲೆಯ ಮುಂದೆ ನಿಂತು ಅತ್ತಳು. ಅಪ್ಪ ಆದೇಶವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸಹಿ, ಮೊಹರು, ದಿನಾಂಕ ಎಲ್ಲ ಪರಿಶೀಲಿಸಿದರು.

"ಕ್ರಮಬದ್ಧವಾಗಿದೆ," ಎಂದರು.

ಮೊದಲ ಸರಬರಾಜಿಗೆ ಕಚೇರಿಯ ಪ್ರತಿನಿಧಿ ಹಾಜರಿರಬೇಕೆಂಬ ನಿಯಮವಿದ್ದುದರಿಂದ ಸೋಮವಾರ ಸಂಜೆ ಆರಕ್ಕೆ ಐದು ನಿಮಿಷವಿರುವಾಗ ಸ್ಟೋರ್ ಕೀಪರ್ ರಿಜಿಸ್ಟರ್ ಹಿಡಿದು ಮನೆಗೆ ಬಂದ. ನಡುಮನೆಯಲ್ಲಿ ಅಪ್ಪ ಮಗಳು ಎದುರುಬದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮೀಟರಮ್ಮ ಅಪ್ಪನ ಕೈ ಮುಟ್ಟಿ ದಾಳ ಉರುಳಿಸಿದಳು. ಹದಿನಾಲ್ಕು ಬಿತ್ತು. ಗಡಿಯಾರ ಆರು ಹೊಡೆಯಿತು. ಅವಳು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಬಾಯಿ ಮುಚ್ಚಿದಳು.

"ಕಲ್ಲು ಬಿಡುಗಡೆಯಾಗಿದೆ, ಮಾತಾಡಿ ಸಾಹೇಬ್ರೇ," ಎಂದ ಸ್ಟೋರ್ ಕೀಪರ್.

ಅಪ್ಪ ಗಂಟಲು ಸರಿ ಮಾಡಿಕೊಂಡರು. "ಎಲೈ ಶಿಷ್ಯೆಯೇ," ಎಂದರು. ನಕ್ಷತ್ರಗಳ ಬಗ್ಗೆ ಸ್ವಲ್ಪ ಹೇಳಿದರು. ಹಲ್ಲಿಯನ್ನು ಬೈದರು. ಹತ್ತು ನಿಮಿಷಕ್ಕೆ ಮಂತ್ರವಾದಿಯ ಸರಕು ಮುಗಿಯಿತು. ನಡುಮನೆಯಲ್ಲಿ ಬೈಯಲು ಬೇರೆ ರಾಕ್ಷಸರಿರಲಿಲ್ಲ. ಆದೇಶದ ಪ್ರಕಾರ ಇನ್ನೂ ಐವತ್ತು ನಿಮಿಷ ಬಾಕಿ ಇತ್ತು, ಮಂಜೂರಾದ ಅವಧಿಯನ್ನು ಬಳಸದೆ ಬಿಡುವುದು ಅವರ ಜಾಯಮಾನದಲ್ಲಿರಲಿಲ್ಲ. ಅಪ್ಪ ಗಡಿಯಾರ ನೋಡಿದರು, ಸ್ಟೋರ್ ಕೀಪರನನ್ನು ನೋಡಿದರು, ಕೊನೆಗೆ ಮಗಳನ್ನು ನೋಡಿದರು. ಅವಳ ಬಾಯಿ ಮುಚ್ಚಿಯೇ ಇತ್ತು.

"ಪುಟ್ಟೀ," ಎಂದರು. "ನೀನು ಉತ್ತರ ಕೊಡಲ್ಲ ಅಂತ ಗೊತ್ತಾದ್ಮೇಲೆ ಸ್ವಲ್ಪ ಧೈರ್ಯ ಬಂತು."

ಸ್ಟೋರ್ ಕೀಪರ್ ಬರೆಯುವುದನ್ನು ನಿಲ್ಲಿಸಿದ.

"ಮನೇಲಿ ಮಾತು ನಿಮ್ಮಮ್ಮನ ವಿಭಾಗ. ನಾನು ಬರೀ ಹೂಂ ಅಂತಿದ್ದೆ, ಅವಳೇ ಎಲ್ಲ ನೋಡ್ಕೋತಿದ್ಳು. ಇದ್ದಕ್ಕಿದ್ದಂತೆ ಹೋದ್ಳು. ನಂಗೆ ಚಾರ್ಜ್ ಒಪ್ಪಿಸ್ಲೇ ಇಲ್ಲ. ಚಾರ್ಜ್ ತಗೊಳ್ದೆ ಇನ್ನೊಬ್ರ ಕುರ್ಚೀಲಿ ಹೇಗೆ ಕೂತ್ಕೊಳ್ಳೋದು? ದಿನಾ ನೀನು ಬಿಸಿಲಲ್ಲಿ ಸುತ್ತಿ ಬರ್ತೀಯ, ಮುಖ ಕಪ್ಪಗಾಗಿರುತ್ತೆ, ಕಾಲು ನೋಯ್ತಾ ಅಂತ ಕೇಳ್ಬೇಕು ಅನ್ಸುತ್ತೆ. ಕೇಳಿದ್ರೆ ಹೌದು ಅಂತೀಯ. ಹೌದು ಅಂದ್ರೆ ಆಮೇಲೆ ಏನು ಹೇಳ್ಬೇಕು ಅಂತ ಗೊತ್ತಾಗಲ್ಲ. ಅದಕ್ಕೆ ಫ್ಯಾನ್ ಆಫ್ ಮಾಡು ಅಂತೀನಿ."

ಮೀಟರಮ್ಮ ಕದಲಲಿಲ್ಲ. ಕಣ್ಣು ಮಾತ್ರ ತುಂಬಿ ಕೆನ್ನೆಯ ಮೇಲೆ ಹರಿಯಿತು. ಸ್ಟೋರ್ ಕೀಪರ್ ಗಾಬರಿಯಾಗಿ ನಲವತ್ತೆರಡು ಪುಟಗಳನ್ನೂ ತಿರುವಿ ಹಾಕಿದ. ಕಲ್ಲು ಒದ್ದೆಯಾದರೆ ಏನು ಮಾಡಬೇಕೆಂದು ಎಲ್ಲೂ ಇರಲಿಲ್ಲ. ಕೊನೆಗೆ ಕಚೇರಿಯ ಮಾಮೂಲು ಅಂಕಣದಲ್ಲಿ ಬರೆದ: 'ಅಲ್ಪ ಸೋರಿಕೆ ಕಂಡುಬಂದಿದೆ. ದುರಸ್ತಿ ಅಗತ್ಯವಿಲ್ಲ.' ಆಮೇಲೆ ತಾನೂ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಅದನ್ನು ದಾಖಲಿಸಲಿಲ್ಲ.

ಏಳು ಹೊಡೆದಾಗ ಅಪ್ಪ, ಅವಳು ಮೂರನೆಯ ತರಗತಿಯಲ್ಲಿ ಕೊಡೆ ಕಳೆದುಕೊಂಡು ಬಂದ ದಿನದ ವಿಷಯ ಹೇಳುತ್ತಿದ್ದರು. "ಅವತ್ತು ನಿಂಗೆ ಹೊಡೀಬೇಕು ಅಂತ ಕೈ ಎತ್ತಿದ್ದಲ್ಲ, ನಿಜವಾಗಿ..." ಎಂಬಲ್ಲಿಗೆ ನಿಲ್ಲಿಸಿದರು. ಒಂದು ನಿಮಿಷವೂ ಹೆಚ್ಚು ತೆಗೆದುಕೊಳ್ಳಲಿಲ್ಲ. ನಿಜವಾಗಿ ಯಾಕೆ ಎತ್ತಿದ್ದೆಂದು ತಿಳಿಯಲು ಅವಳು ಬುಧವಾರದವರೆಗೆ ಕಾಯಬೇಕಾಯಿತು.

ಮಂಗಳವಾರ ಸರಬರಾಜು ಎದುರು ದಿಕ್ಕಿನಲ್ಲಿತ್ತು. ಅಪ್ಪ ಕಲ್ಲಾಗಿ ಕೂತರು. ಮೀಟರಮ್ಮ ಒಂದು ಹಾಳೆಯಲ್ಲಿ ಅಂಶಗಳನ್ನು ಬರೆದುಕೊಂಡಿದ್ದಳು. ಕಾಲು ನೋಯುತ್ತದೆ, ಬಲಗಾಲು ಹೆಚ್ಚು ಎಂದು ಶುರು ಮಾಡಿದಳು. ಅವತ್ತು ಅಪ್ಪನಲ್ಲಿ ಕಂಡುಬಂದ ಸೋರಿಕೆಯನ್ನು ನೋಡಲು ಪ್ರತಿನಿಧಿ ಇರಲಿಲ್ಲ.

ಸ್ಟೋರ್ ಕೀಪರ್ ವಿಷಯವನ್ನು ಗುಟ್ಟಾಗಿಟ್ಟಿದ್ದ, ಅಂದರೆ ತನ್ನ ಹೆಂಡತಿಗೆ ಮಾತ್ರ ಹೇಳಿದ್ದ. ಮುಂದಿನ ತಿಂಗಳು ಕಚೇರಿಗೆ ಮೂವತ್ತೊಂದು ಅರ್ಜಿಗಳು ಬಂದವು. ಎಲ್ಲವೂ ನಮೂನೆ ಏಳು, ಎಲ್ಲವೂ ಅರ್ಧ ಇಂಚು, ಗೃಹಬಳಕೆ. ಅರ್ಜಿದಾರರಲ್ಲಿ ಯಾರಿಗೂ ಆಟ ಗೊತ್ತಿರಲಿಲ್ಲ, ದಾಳ ಎಲ್ಲಿ ಸಿಗುತ್ತದೆಂದು ಮಾತ್ರ ವಿಚಾರಿಸಿದರು. ಮೊದಲ ಅರ್ಜಿ ಸೂಪರಿಂಟೆಂಡೆಂಟರ ಮನೆಯವರದು. ಕಲ್ಲಾಗಬೇಕಾದವರ ಹೆಸರಿನ ಮುಂದೆ 'ಯಜಮಾನರು' ಎಂದೂ, ಅವಧಿಯ ಮುಂದೆ 'ಸಾಧ್ಯವಾದಷ್ಟು' ಎಂದೂ ಇತ್ತು. ದಾಖಲೆಗಳೆಲ್ಲ ಸರಿಯಿದ್ದುದರಿಂದ ಸೂಪರಿಂಟೆಂಡೆಂಟರು ತಡೆಹಿಡಿಯಲಾಗದೆ ತಾವೇ ಮಂಜೂರು ಮಾಡಿ ಮೊಹರು ಒತ್ತಿದರು. ಈಗ ಅವರ ಮನೆಯಲ್ಲಿ ದಿನ ಬಿಟ್ಟು ದಿನ ಆರರಿಂದ ಏಳರವರೆಗೆ ಅವರು ಕಲ್ಲು. ಕೇಳಿದವರಿಗೆ, "ಸರಬರಾಜು ಒತ್ತಡ ಚೆನ್ನಾಗಿದೆ" ಎನ್ನುತ್ತಾರೆ.

ವರ್ಷ ತುಂಬುವ ಹೊತ್ತಿಗೆ ನಿಯಮ ಪುಸ್ತಕದ ಹೊಸ ಮುದ್ರಣ ಬಂತು. ಪಂಪಣ್ಣ ಶನಿವಾರ ಏದುಸಿರು ಬಿಡುತ್ತಾ ಅದನ್ನು ಹಿಡಿದು ಕೋಣೆಗೆ ಬಂದ.

"ನೋಡಮ್ಮ ಇಲ್ಲಿ, ಪುಟ ಇನ್ನೂರಾ ಹದಿನಾಲ್ಕು! ಕಲ್ಲಾದವರನ್ನ ಯಾವ ಶಿಷ್ಯೆ ಬೇಕಾದ್ರೂ ಮುಟ್ಟಿ ಬಿಡಿಸ್ಬಹುದಂತೆ. ಶಾಶ್ವತವಾಗಿ. ಅರ್ಜಿ ಬೇಡ, ಸಮಿತಿ ಬೇಡ, ಯಾರೂ ಬದಲಿಗೆ ಕಲ್ಲಾಗೋದೂ ಬೇಡ. ಈಗ್ಲೇ ಮುಟ್ಟಿಬಿಡು!"

ಸೂಪರಿಂಟೆಂಡೆಂಟರು ಬೆರಳಿನ ಉಂಗುರವನ್ನು ಮುಚ್ಚಿಕೊಂಡರು, ಅದು ಆಟದ ಉಂಗುರವಾದ್ದರಿಂದ ಅಲ್ಲಿ ಏನೂ ಇರಲಿಲ್ಲ. ಮೀಟರಮ್ಮ ಅಪ್ಪನ ಕಡೆ ನೋಡಿದಳು. ನಾಳೆ ಭಾನುವಾರ, ಅಪ್ಪನ ಸರದಿ. ಅಮ್ಮನನ್ನು ನೋಡಲು ಹೆಣ್ಣಿನ ಮನೆಗೆ ಹೋಗಿದ್ದಾಗ ತಾವು ಮೊದಲು ಆಡಿದ ಮಾತು ಯಾವುದೆಂದು ಹೇಳುವುದು ಅರ್ಧಕ್ಕೆ ನಿಂತಿತ್ತು. ಎದುರು ಕೂತವಳು ಬಾಯಿ ತೆರೆಯುವಂತಾದರೆ ಅಪ್ಪ ಅದನ್ನು ಹೇಳುತ್ತಾರೆಯೇ ಎಂದು ಯೋಚಿಸಿದಳು. ಅವಳ ಕೈ ಮೇಜಿನ ಮೇಲೆಯೇ ಉಳಿಯಿತು.

ಅಷ್ಟರಲ್ಲಿ ಕ್ಷಣಮಾತ್ರ, ಆದರೆ ಎಲ್ಲರಿಗೂ ಕಾಣುವಂತೆ, ಕಲ್ಲು ಬೇಡವೆಂದು ತಲೆಯಾಡಿಸಿತು. ಮೂವತ್ತಾರು ವರ್ಷದ ಸೇವೆ ಮತ್ತು ಒಂಬತ್ತು ವರ್ಷದ ನಿವೃತ್ತಿಯಲ್ಲಿ ಹೆಡ್ ಕ್ಲರ್ಕರು ನಿಯಮ ಮೀರಿದ್ದು ಅದೊಂದೇ ಸಲ.

ಪಂಪಣ್ಣ ಪುಸ್ತಕ ಮುಚ್ಚಿದ. ಸೂಪರಿಂಟೆಂಡೆಂಟರು ಮೀಟರುಗಳ ರಾಶಿಯ ಕಡೆ ಮುಖ ತಿರುಗಿಸಿಕೊಂಡರು. ಸ್ಟೋರ್ ಕೀಪರ್ ರಿಜಿಸ್ಟರ್ ತೆರೆದು, ಕಿಟಕಿ ಮುಚ್ಚಿತ್ತೆಂಬುದನ್ನು ಗಮನಿಸಿಯೂ, ಗಾಳಿಗೆ ಕಲ್ಲು ಅಲುಗಿತೆಂದು ಬರೆದ. ಹಾಜರಿದ್ದ ಸದಸ್ಯರೆಲ್ಲ ಸಹಿ ಹಾಕಿದರು.